ಮೇದೋಜೀರಕಕ್ಕೆ ಅಕ್ಷತೆ

ನಮ್ಮ ವಂಶದಲ್ಲಿ ಹಸಿವಿಗಿಂತ ಕರೆ ಮುಖ್ಯ. ಅರಕಲಗೂಡಿನ ನಮ್ಮ ದೊಡ್ಡಪ್ಪನಿಗೆ ಮನೆಗೆ ಹೋಗಿ ಹೇಳಿಬಂದರೆ ಸಾಲದು. ಎಲೆ ಹಾಕಿದ ಮೇಲೆ ಇನ್ನೊಮ್ಮೆ ಬಂದು ಊಟಕ್ಕೆ ಏಳಿ ಅನ್ನಬೇಕು. ಅನ್ನದಿದ್ದರೆ ಶಾಮಿಯಾನದ ಕಂಬಕ್ಕೆ ಒರಗಿ ಕೂತೇ ಇರುತ್ತಾರೆ. ಈ ಗುಣ ನನಗೆ ಬಂದಿಲ್ಲವೆಂದೇ ನಂಬಿಕೊಂಡಿದ್ದೆ. ಅದು ನೇರವಾಗಿ ನನ್ನ ಮೇದೋಜೀರಕಕ್ಕೆ ಹೋಗಿದೆಯೆಂದು ತಿಳಿದದ್ದು ಸಕ್ಕರೆ ಕಾಯಿಲೆ ಬಂದ ಮೇಲೆ.

ಹಾಸನದ ಡಾಕ್ಟರು ಚಿತ್ರ ಬರೆದು ವಿವರಿಸಿದರು. ಊಟ ಇಳಿದೊಡನೆ ಕರುಳು ಒಂದು ಹಾರ್ಮೋನನ್ನು ರಕ್ತದಲ್ಲಿ ಕಳಿಸುತ್ತದಂತೆ. ಮೇದೋಜೀರಕದ ಜೀವಕೋಶಗಳ ಹೊರಮೈಯಲ್ಲಿ ಅದನ್ನು ಹಿಡಿದುಕೊಳ್ಳುವ ಗ್ರಾಹಕಗಳಿವೆ. ಹಿಡಿದವೆಂದರೆ ಒಳಗೆ ಸುದ್ದಿ ಮುಟ್ಟಿ, ಸಕ್ಕರೆ ಬಂದಾಗ ಇನ್ಸುಲಿನ್ ಧಾರಾಳವಾಗಿ ಹೊರಡುತ್ತದೆ. ಸುದ್ದಿಯಿಲ್ಲದೆ ಬರೀ ಸಕ್ಕರೆ ಬಂದು ನಿಂತರೆ ಅಷ್ಟು ಉತ್ಸಾಹವಿಲ್ಲ. "ಗಾಬರಿ ಮಾಡ್ಕೋಬೇಡಿ ಸಾರ್. ಗಾಬರಿ ಹಾರ್ಮೋನಿಗೂ ಅಲ್ಲೇ ಬೇರೆ ಗ್ರಾಹಕ ಇದೆ, ಅದು ಇನ್ಸುಲಿನ್ನನ್ನ ತಡೆದ್ಬಿಡುತ್ತೆ. ಮೊದಲು ತರಕಾರಿ ತಿನ್ನಿ, ನಿಧಾನವಾಗಿ ತಿನ್ನಿ," ಎಂದರು. ನನಗೆ ಕೇಳಿಸಿದ್ದು ಒಂದೇ: ಕರೆಯದೆ ಮೇದೋಜೀರಕ ಬರುವುದಿಲ್ಲ.

ಮಗಳ ನಿಶ್ಚಿತಾರ್ಥ ಹತ್ತಿರವಾಗಿತ್ತು. ಸಕ್ಕರೆ ಇಳಿದರೆ ಆ ದಿನ ಒಂದು ಹೋಳಿಗೆ, ಇಳಿಯದಿದ್ದರೆ ಹೆಸರುಕಾಳಿನ ಉಸ್ಲಿ ಎಂದು ನನ್ನ ಹೆಂಡತಿ ಸರೋಜ ತೀರ್ಪು ಕೊಟ್ಟಿದ್ದಳು. ಹೋಳಿಗೆಯೆಂದರೆ ನನಗೆ ಪ್ರಾಣ, ಮುಚ್ಚಿಟ್ಟು ಪ್ರಯೋಜನವಿಲ್ಲ. ಮರುದಿನದಿಂದಲೇ ಊಟಕ್ಕೆ ಕೂತು, ಹೊಟ್ಟೆಯ ಮೇಲೆ ಅಕ್ಷತೆ ಇಟ್ಟು, "ಮನೆಮಂದಿಯೆಲ್ಲ ಬಂದು ನಡೆಸಿಕೊಡಬೇಕು" ಎಂದು ಕರೆಯತೊಡಗಿದೆ.

"ಯಾರ್ನ ಕರೀತಿದ್ದೀರಿ?" ಎಂದಳು ಸರೋಜ.

"ಮೇದೋಜೀರಕನ."

"ಪಕ್ಕದಲ್ಲೇ ಕಿಡ್ನಿ ಐತೆ, ಅದ್ಕೂ ಒಂದ್ಮಾತು ಹೇಳ್ಬುಡಿ. ಆಮೇಲೆ ಕರೀನಿಲ್ಲ ಅಂತ ಮುನಿಸ್ಕೊಂಡೀತು."

ಸಕ್ಕರೆ ಇಳಿಯಿತು. ಸರೋಜ ಆ ಕೀರ್ತಿಯನ್ನು ತರಕಾರಿಗೆ ಕೊಟ್ಟಳು, ನಾನು ಅಕ್ಷತೆಗೆ.

ನಿಶ್ಚಿತಾರ್ಥದ ದಿನ ಹೊಳೆನರಸೀಪುರದ ನಮ್ಮ ಮನೆಯ ತುಂಬ ಚನ್ನರಾಯಪಟ್ಟಣದ ಬೀಗರು. ಎಲ್ಲರನ್ನೂ ನಾನೇ ಎಬ್ಬಿಸಿ ಊಟಕ್ಕೆ ಕೂರಿಸಿದೆ. ದೊಡ್ಡಪ್ಪನನ್ನು ಎರಡೆರಡು ಸಲ ಕರೆದೆ. ಕೊನೆಯ ಪಂಕ್ತಿಯ ಹೊತ್ತಿಗೆ ಉಳಿದವನು ನಾನೊಬ್ಬ. ನನ್ನನ್ನು ಯಾರೂ ಕರೆಯಲಿಲ್ಲ. ಮನೆಯ ಯಜಮಾನನನ್ನು ಊಟಕ್ಕೆ ಕರೆಯುವುದು ಯಾರ ಕೆಲಸವೂ ಅಲ್ಲವಲ್ಲ. ಒಳಗಿನಿಂದ ತುಪ್ಪದ ಘಮ ಬರುತ್ತಿತ್ತು. ಬೆಳಿಗ್ಗೆಯೇ ಅಕ್ಷತೆ ತೆಗೆದುಕೊಂಡಿದ್ದ ಮೇದೋಜೀರಕ ಹೊಟ್ಟೆಯೊಳಗೆ ಸಿದ್ಧವಾಗಿ ಕೂತಿತ್ತು. ನಾನು ಶಾಮಿಯಾನದ ಕಂಬಕ್ಕೆ ಒರಗಿ ಕೂತಿದ್ದೆ. ನಿಜವಾಗಿಯೂ ದುಃಖವಾಯಿತು.

ಊಟ ಮುಗಿಸಿದ ದೊಡ್ಡಪ್ಪ ಕೈ ಒರೆಸಿಕೊಳ್ಳುತ್ತ ಬಂದರು. "ಯಾಕ್ಲಾ ಇಲ್ಲಿ ಕುಂತಿದ್ದೀಯ? ಒಂದೇ ಓಳ್ಗೆ ಉಳ್ಕಂಡದೆ, ಓಗಿ ತಿನ್ನು."

"ಬೀಗರು ಬಂದು ಒಂದು ಮಾತು ಕರೆದಿದ್ದರೆ ಚೆನ್ನಾಗಿತ್ತು," ಎಂದೆ.

ದೊಡ್ಡಪ್ಪ ನನ್ನನ್ನು ಅಭಿಮಾನದಿಂದ ನೋಡಿದರು. "ಅದೂ ಸರಿಯೇ ಕಣ್ಲಾ. ನಮ್ ವಂಶದೋನು ನೀನು," ಎಂದು ಬೆನ್ನು ತಟ್ಟಿ ಒಳಗೆ ಹೋದರು. ಹೋಗಿ ಆ ಹೋಳಿಗೆಯನ್ನು ತಾವೇ ತಿಂದರು. ಅದಕ್ಕೆ ಅವರನ್ನು ಯಾರೂ ಕರೆದಿರಲಿಲ್ಲ.

ಸಂಜೆ ಅಡುಗೆಮನೆಯಲ್ಲಿ ಹೆಸರುಕಾಳಿನ ಉಸ್ಲಿ ಇತ್ತು. ಆಚೆ ಈಚೆ ನೋಡಿ, ಯಾರೂ ಕರೆಯದೆಯೇ ಹೋಗಿ ತಿಂದೆ.