ಹತ್ತಿ ಗಿರಣಿಯ ಬಾರಿನಲ್ಲಿ ನಾನು

ದೇಶ ದೇಶ ಸುತ್ತಿ, ಗುರುತಿಲ್ಲದ ಊರುಗಳಲ್ಲೆಲ್ಲ ಮಾನ ಉಳಿಸಿಕೊಂಡು ಬಂದವಳು ನಾನು. ಅದು ಹೋಗುವುದೇನಿದ್ದರೂ ಇಲ್ಲೇ, ನಮ್ಮವರ ನಡುವೆ. ಅಣ್ಣಿಗೇರಿಯ ಚಿಗವ್ವನ, ಅಂದರೆ ಅವ್ವನ ತಂಗಿಯ, ಮನೆಗೆ ಬಂದಾಗ ನೋಡುತ್ತೇನೆ, ಸ್ಟೇಶನ್ ಕಡೆಯ ಮುಚ್ಚಿದ ಹತ್ತಿ ಗಿರಣಿಗಳಿಗೆಲ್ಲ ಹೊಸ ಕಳೆ. ಒಂದರಲ್ಲಿ ಕಾಫಿ ಅಂಗಡಿ, ಒಂದರಲ್ಲಿ ಜಿಮ್ಮು, ಒಂದರಲ್ಲಿ ಹಾಡಿಕೆ ಇರುವ ಬಾರು. ಕಾಲು ಕೇಳಲಿಲ್ಲ. “ಗುಡಿಗೆ ಹೋಗಿ ಬರ್ತೀನಿ” ಅಂತ ಹೇಳಿ ಹೊರಟೆ. ನಿಜ ಗೊತ್ತಾದರೆ ಚಿಗವ್ವ ಮಾತು ಬಿಡುತ್ತಾಳೆ. ನನ್ನ ತಿರುಗಾಟವನ್ನು ಬೈಯದೆ ಬಾಗಿಲು ತೆಗೆಯುವವಳು ಅವಳೊಬ್ಬಳೇ ಉಳಿದಿದ್ದಳು.

ಬಾಗಿಲು

ಪರದೇಶದ ಬಾರುಗಳಲ್ಲಿ ಬಾಗಿಲಲ್ಲೇ ವಯಸ್ಸು ಕೇಳಿ ನನ್ನನ್ನು ಖುಷಿಪಡಿಸಿದ್ದುಂಟು. ಇಲ್ಲಿಯ ಕಾವಲುಗಾರ ಎದ್ದು ನಿಂತ.

“ಯಜಮಾನರನ್ನ ಹುಡಕ್ಕೊಂತ ಬಂದೀರೇನ್ರಿ ಅಕ್ಕಾರ? ಜಗಳಾ ಬ್ಯಾಡ್ರಿ. ಹೆಸರು ಹೇಳ್ರಿ, ನಾನ ಕರಕೊಂಡ್ ಬರ್ತೀನಿ.”

ನಾನು ಹಾಡು ಕೇಳಲು ಬಂದವಳೆಂದು ಅವನಿಗೆ ತಿಳಿಸುವಷ್ಟರಲ್ಲಿ ಒಳಗೆ ಸುದ್ದಿ ಮುಟ್ಟಿತ್ತು. ಮೂವರು ಗಂಡಸರು ಹಿಂದಿನ ಬಾಗಿಲಿಂದ ಪಾರಾಗಿದ್ದರು.

ಗೋಡೆ

ಒಳಗೆ ಗಾರೆಯ ಗಿಲಾವು ಮಾಡದ ಬರೀ ಇಟ್ಟಂಗಿ ಗೋಡೆ. ನನಗೆ ಗೊತ್ತಿದ್ದದ್ದನ್ನು ಸುಮ್ಮನೆ ಇಟ್ಟುಕೊಳ್ಳುವ ಚಟವಿಲ್ಲ. ವೇಟರ್‌ಗೆ ಪಾಠ ಶುರು ಮಾಡಿದೆ. “ಬರ್ಲಿನ್‌ನ್ಯಾಗೂ ಹಿಂಗ ಬಿಡ್ತಾರ ನೋಡಪಾ. ಹಳೇದರ ಚೆಲುವು ಕಾಣ್ಲಿ ಅಂತ.”

ಪಾಪ, ಪೂರಾ ಕೇಳಿಸಿಕೊಂಡ. “ಹೌದ್ರಿ? ನಮ್ಮ ಗೌಂಡಿ ಸಿಟ್ಟಾಗಿ ಹೋಗ್ಯಾನ್ರಿ. ಸೋಮವಾರ ಬಂದು ಗಿಲಾವು ಮುಗಸ್ತಾನಂತ.”

ನೋಟು

ಹಾಡುಗಾರನ ದನಿ ಅಗದಿ ಚಲೋ ಇತ್ತು. ಪರದೇಶದ ರೂಢಿಯಂತೆ ಸದ್ದಿಲ್ಲದೆ ಹೋಗಿ ಅವನ ಮುಂದೆ ಒಂದು ನೋಟಿಟ್ಟೆ. ಆತ ಮೂಲತಃ ಭಜನಿ ಮೇಳದವನು. ಮೇಳದಲ್ಲಿ ನೋಟು ಬಂತೆಂದರೆ ಹಾಡು ನಿಲ್ಲಬೇಕು, ಕೊಟ್ಟವರ ಹೆಸರು ಊರಿಗೆ ಕೇಳಬೇಕು. ನಿಲ್ಲಿಸಿಯೇಬಿಟ್ಟ.

“ಯಾವೂರ್ರಿ ಅಕ್ಕಾರ? ಯಾರ ಮಗಳ್ರಿ?”

“ಮೊರಬದ ಮಾಸ್ತರ ಮಗಳ್ರಿ. ಆದ್ರ ಕೂಗಬ್ಯಾಡ್ರಿ, ಚಿಗವ್ವಗ ಗುಡಿಗೆ ಹೊಂಟೀನಂತ ಹೇಳಿ ಬಂದೀನಿ” ಎಂದು ಪಿಸುಗುಟ್ಟಿದೆ.

ಮೈಕು ನಮ್ಮಿಬ್ಬರ ನಡುವೆಯೇ ಇತ್ತು. ಅದರ ಹಾರ್ನು ಗಿರಣಿಯ ಮಾಡಿನ ಮೇಲೆ, ಚಿಗವ್ವನ ಓಣಿಗೆ ಮುಖ ಮಾಡಿ ಕೂತಿತ್ತು.

ಫೋನು ಬಂತು. ಮೈಕಿನಿಂದ ದೂರ ಸರಿದು ಎತ್ತಿದೆ.

“ಲೇ, ಬಾರಿನ್ಯಾಗ ಅದಿಯೇನ?”

“ಹೂಂ ಚಿಗವ್ವಾ… ತಪ್ಪಾತು.”

“ಸಣ್ಣ ತಪ್ಪೇನ ಇದು? ಮೂರ್ಹೊತ್ತು ರೊಟ್ಟಿ ಬಡದು ಹಾಕಾಕಿ ನಾನು, ಹೆಸರು ಮೊರಬದವರದ್ದಾ? ಇನ್ನೊಂದು ನೋಟಿಡು, ನನ್ನ ಹೆಸರ್ಲೆ ಕೂಗ್ಸು. ಓಣಿ ಮಂದೀನೆಲ್ಲಾ ಕರದು ಕಟ್ಟಿಮ್ಯಾಲ ಕುಂದರಸೀನಿ, ಲಗೂನ!”