ನಮ್ಮ ಮಾವನವರ ಕಿವಿವೈರು

ಕೆಲವರ ಮನೆಗೆ ನೆಂಟರು ಹೇಳದೆ ಕೇಳದೆ ಬರುತ್ತಾರೆ. ನಮ್ಮ ಅಂಗಡಿಗೆ ನಗು ಹಾಗೆ ಬರುತ್ತಿತ್ತು, ಅದೂ ಬೋಣಿಗೆ ಮುಂಚೆಯೇ. ತಿಪಟೂರಿನ ಬಸ್ ಸ್ಟ್ಯಾಂಡ್ ಹಿಂದಿನ ಬೀದಿಯಲ್ಲಿ ನಮ್ಮದೊಂದು ರೇಡಿಯೋ ರಿಪೇರಿ ಅಂಗಡಿ. ಒಳಗೆ ನಮ್ಮನೆಯವರು ಬೆಸುಗೆ ಹಾಕುತ್ತ ಕೂತಿದ್ದರೆ ಮುಂದೆ ಗಲ್ಲಾಪೆಟ್ಟಿಗೆ ಹತ್ತಿರ ನಾನು. ತೊಂಬತ್ತರ ದಶಕದ ಕೊನೆಯಲ್ಲಿ ಜೇಬಿನಲ್ಲಿ ಹಿಡಿಸುವಂಥ ರೇಡಿಯೋ ಬಂತು, ಅದರ ಬೆನ್ನಿಗೇ ಇಯರ್‌ಫೋನೂ ಬಂತು. ನಮ್ಮ ಕಡೆಯ ಜನ ಅದಕ್ಕೆ ‘ಕಿವಿವೈರು’ ಅಂತ ಹೆಸರಿಟ್ಟರು. ಅದನ್ನು ಮಾಡಿದ ಕಂಪನಿಯವರು ಅದು ಹಾಡು ಕೇಳುವುದಕ್ಕೆ ಅಂದುಕೊಂಡಿದ್ದರು. ಪಾಪ, ಅವರು ನಮ್ಮ ಕಡೆ ಬಂದಿರಲಿಲ್ಲ.

ಇದರಲ್ಲೆಲ್ಲ ನಮ್ಮ ಮಾವನವರು ನಡುನಡುವೆ ಬರುತ್ತಾರೆ, ಆದ್ದರಿಂದ ಅವರ ವಿಷಯ ಮೊದಲೇ ಹೇಳಿಬಿಡುತ್ತೇನೆ. ಬಿಳಿಗೆರೆ ಹತ್ತಿರದ ನಮ್ಮೂರಲ್ಲಿ ಅವರನ್ನು ‘ಕಿವಿ ಯಜಮಾನ್ರು’ ಅಂತಲೇ ಕರೆಯುತ್ತಿದ್ದರು. ನಮ್ಮಲ್ಲಿ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಬಿಡುತ್ತೇವೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಲೊಡಲೊಡ ಅನ್ನಬೇಕು. ಗುಳುಗುಳು ಅಂದರೆ ಇನ್ನೂ ನೀರಿದೆ ಅಂತ ಅರ್ಥ. ದುಡುಕಿ ಒಡೆದರೆ ಕೊಬ್ಬರಿಗೆ ಬೂಷ್ಟು ಹಿಡಿದು ವರ್ಷದ ಬೆಳೆ ಹಾಳು. ಊರಿನ ಯಾವ ಮನೆಯ ಅಟ್ಟದಿಂದ ಕಾಯಿ ಇಳಿಸಬೇಕಾದರೂ ಮಾವನವರು ಹೋಗಿ, ಕಾಯಿ ಅಲ್ಲಾಡಿಸಿ, ‘ಆಗೈತೆ’ ಅನ್ನಬೇಕು. ಆ ಒಂದು ಮಾತಿನ ಮೇಲೆ ಅವರ ಮರ್ಯಾದೆಯೆಲ್ಲ ನಿಂತಿತ್ತು.

೧. ಆಗೈತೆ

ಸಂತೆಯ ದಿನ ಕಿವಿವೈರು ಕೊಳ್ಳಲು ರೈತರೊಬ್ಬರು ಬಂದರು. ನಾನು ನಾಲ್ಕೈದು ತೆಗೆದು ಮುಂದಿಟ್ಟೆ. ಅವರು ಒಂದನ್ನು ಎತ್ತಿಕೊಂಡು, ಕಿವಿಯೊಳಗೆ ಇಡುವ ಬದಲು ಕಿವಿಯ ಪಕ್ಕ ಹಿಡಿದು ಅಲ್ಲಾಡಿಸಿದರು. ಕೆಳಗಿಟ್ಟರು. ಇನ್ನೊಂದನ್ನು ಅಲ್ಲಾಡಿಸಿದರು. ಅದನ್ನೂ ಕೆಳಗಿಟ್ಟರು. ಕೊನೆಯದು ಟಕಟಕ ಅಂತು. ಮುಖ ಅರಳಿತು.

“ಇದು ಆಗೈತೆ ಕಣವ್ವ. ಇದ್ನೇ ಕೊಡು.”

“ಅಯ್ಯೋ, ಅದರೊಳಗೆ ಏನೋ ಕಿತ್ತು ಬಂದಿದೆ, ಬೇಡ,” ಅಂದೆ.

“ಹುಟ್ಟಿದಾಗ್ನಿಂದ ಕಾಯಿ ಅಲ್ಲಾಡ್ಸಿದೀನಿ, ನನಗೆ ಹೇಳ್ಕೊಡ್ತೀಯಾ? ಬೇಕಾದ್ರೆ ಯಜಮಾನ್ರನ್ನ ಕೇಳು,” ಅಂತ, ಸಂತೆಗೆ ಬಂದು ಅಂಗಡಿಯ ಬೆಂಚಿನ ಮೇಲೆ ಕೂತಿದ್ದ ನಮ್ಮ ಮಾವನವರ ಕೈಗೆ ಕೊಟ್ಟರು. ಮಾವ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಮತ್ತೆ ಅಲ್ಲಾಡಿಸಿದರು. ಆಮೇಲೆ ಆ ರೈತರ ಮುಖವನ್ನೇ ಒಂದು ಗಳಿಗೆ ನೋಡಿ, “ಆಗೈತೆ,” ಅಂದರು.

ಮಾರನೆಯ ದಿನವೇ ರೈತರು ವಾಪಸ್ಸು ಬಂದರು. “ಇದೇನವ್ವಾ ಇದು, ಅಲ್ಲಾಡ್ಸಿದ್ರೆ ಸದ್ದು ಬತ್ತೈತೆ, ಕಿವಿಗಿಕ್ಕಂಡ್ರೆ ಬರಲ್ಲ!”

೨. ಸ್ಪಂಜು

ಆಗಿನ ಕಿವಿವೈರಿನ ಗುಂಡಿ ಗಟ್ಟಿ ಪ್ಲಾಸ್ಟಿಕ್ಕಿನದು. ಅರ್ಧ ಗಂಟೆ ಇಟ್ಟುಕೊಂಡರೆ ಕಿವಿ ಯಾರೋ ಹಿಂಡಿದ ಹಾಗೆ ಕೆಂಪಗಾಗುತ್ತಿತ್ತು. ಅದಕ್ಕೇ ಮೇಲೊಂದು ಕರೀ ಸ್ಪಂಜಿನ ಟೋಪಿ. ನಮ್ಮ ಬೀದಿಯ ನಿವೃತ್ತ ಮೇಷ್ಟ್ರು ತಿಂಗಳಲ್ಲಿ ಮೂರು ಸಲ ಬಂದು, “ಸ್ಪಂಜು ಎಲ್ಲೋ ಬಿದ್ದುಹೋಯ್ತಮ್ಮ, ಇನ್ನೊಂದು ಕೊಡು,” ಅನ್ನುತ್ತಿದ್ದರು. ಒಂದು ದಿನ ಬಂದವರು ಸ್ಪಂಜು ಕೇಳಲಿಲ್ಲ. “ನಿಮ್ಮ ಮಾಲು ಸರಿಯಿಲ್ಲ, ಬಲಗಡೆ ಸದ್ದೇ ಇಲ್ಲ,” ಅಂತ ಜಗಳ ತೆಗೆದರು. ನಮ್ಮನೆಯವರು ಹಾಕಿ ನೋಡಿದರೆ ಎರಡು ಕಡೆಯೂ ಚೆನ್ನಾಗಿ ಹಾಡುತ್ತಿತ್ತು. “ಮೇಷ್ಟ್ರೇ, ಒಂದ್ಸಲ ಡಾಕ್ಟರ ಹತ್ರ ಹೋಗಿಬನ್ನಿ,” ಅಂದರು.

ಡಾಕ್ಟರು ಬಲಗಿವಿಯಿಂದ ನಮ್ಮ ಸ್ಪಂಜುಗಳನ್ನೆಲ್ಲ ಒಂದೊಂದಾಗಿ ಹೊರಗೆ ತೆಗೆದರಂತೆ. ಅವುಗಳ ಹಿಂದೆ, ಹೋದ ಚಳಿಗಾಲದಲ್ಲಿ ಬೆಳ್ಳುಳ್ಳಿ ಎಣ್ಣೆ ಬಿಟ್ಟು ತುರುಕಿದ್ದ ಹತ್ತಿಯೂ ಬಂತಂತೆ.

ಎರಡು ದಿನ ಬಿಟ್ಟು ಮೇಷ್ಟ್ರು ಅಂಗಡಿಗೆ ಬಂದರು, ಮುಖ ಸಪ್ಪಗಿತ್ತು. “ಈಗ ಚೆನ್ನಾಗಿ ಕೇಳಿಸುತ್ತಾ ಮೇಷ್ಟ್ರೇ?” ಅಂದೆ.

“ಕೇಳಿಸುತ್ತಮ್ಮ. ಅಡುಗೆಮನೆಯಿಂದ ನಮ್ಮಾಕೆ ಅನ್ನೋದೆಲ್ಲ ಕೇಳಿಸುತ್ತೆ,” ಅಂದರು. ಆಮೇಲೆ ದನಿ ತಗ್ಗಿಸಿ ಕೇಳಿದರು, “ಸ್ಪಂಜು ಇದ್ರೆ ಎರಡು ಕೊಡು.”

೩. ನಾರು

ಬಾಳಿಕೆಯ ವಿಷಯ ಮಾತ್ರ ಕೇಳಬೇಡಿ. ಪಿನ್ನಿನ ಬುಡದಲ್ಲಿ ವೈರು ಕಿತ್ತರೆ, ಒಂದೇ ಒಂದು ಭಂಗಿಯಲ್ಲಿ ಹಿಡಿದರೆ ಮಾತ್ರ ಹಾಡು ಬರುತ್ತಿತ್ತು. ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ಒಂದು ಕೈ ತಲೆಯ ಮೇಲಿಟ್ಟು, ಕತ್ತು ಓರೆ ಮಾಡಿ, ಉಸಿರು ಬಿಗಿಹಿಡಿದು ನಿಂತಿದ್ದರೆ ಅದು ನಮ್ಮ ಗಿರಾಕಿಯೇ ಅಂತ ನನಗೆ ದೂರದಿಂದಲೇ ಗೊತ್ತಾಗುತ್ತಿತ್ತು.

ಆದರೆ ಹಾಲ್ಕುರಿಕೆ ಕಡೆಯಿಂದ ಬಂದ ಕಾಯಿ ಸುಲಿಯುವವನ ಕಥೆಯೇ ಬೇರೆ. ಒಂದು ಚೀಲ ತಂದು ನಮ್ಮನೆಯವರ ಮುಂದೆ ಸುರಿದ. ತೆಂಗಿನ ನಾರಿನ ದೊಡ್ಡದೊಂದು ಉಂಡೆ. ಅದರ ನಡುವಿನಿಂದ ಪಿನ್ನೊಂದು ಇಣುಕುತ್ತಿತ್ತು.

“ಏನಪ್ಪಾ ಇದು?”

“ಕಿವಿವೈರು ಕಣಣ್ಣ. ಕಿವಿಗಿಕ್ಕಂಡು ಕಾಯಿ ಸುಲೀತಿದ್ದೆ. ಹಾಡು ಚೆನ್ನಾಗಿತ್ತು, ಕೈ ಜೋರಾಗಿ ಓಡ್ತಿತ್ತು. ನೆಟ್ಟಿದ್ದ ಹಾರೆಗೆ ಹೊಡ್ದು ತಿರುವಿದ್ರೆ ಕಾಯಿ ಜೊತೆ ಅದ್ನೂ ಸುಲ್ದುಬುಟ್ಟೆ.”

ನಮ್ಮನೆಯವರು ಹಟಕ್ಕೆ ಬಿದ್ದು ನಾರು ಒಂದು ಕಡೆ, ವೈರು ಒಂದು ಕಡೆ ಬಿಡಿಸುತ್ತ ಬಾಗಿಲಲ್ಲೇ ಕೂತರು. ಮಧ್ಯಾಹ್ನ ಯಾರೋ ದಾರಿಯಲ್ಲಿ ಹೋಗುವವರು ನಿಂತು ನೋಡಿ ಕೇಳಿದರು: “ಹಗ್ಗ ಒಂದು ಮಾರಿಗೆ ಹೆಂಗೆ ಕೊಡ್ತೀರಿ?”

೪. ಮಾವನವರ ರೇಡಿಯೋ

ಇಷ್ಟರಲ್ಲಿ ಮಾವನವರೂ ಅಂಗಡಿಯಿಂದ ಒಂದು ಕಿವಿವೈರು ತೆಗೆದುಕೊಂಡು ಊರಿಗೆ ಹೋದರು. ಮೊದಲ ದಿನದಿಂದ ಅವರ ಕಿವಿಯಿಂದ ಅದು ಇಳಿಯಲೇ ಇಲ್ಲ. ಊಟಕ್ಕೆ ಕೂತರೂ ವೈರು, ತೋಟಕ್ಕೆ ಹೋದರೂ ವೈರು. ಒಂದು ತುದಿ ಕಿವಿಯಲ್ಲಿ, ಇನ್ನೊಂದು ತುದಿ ಅಂಗಿಯ ಜೇಬಿನಲ್ಲಿ. ಅತ್ತೆಯಂತೂ, “ಈ ವಯಸ್ಸಲ್ಲಿ ಅದೇನು ಶೋಕಿನೋ,” ಅಂತ ಗೊಣಗಾಡಿದರು. ನನಗೆ ಹೊಳೆಯದಿದ್ದದ್ದು ಒಂದೇ: ಮಾವ ಒಯ್ದದ್ದು ಬರೀ ವೈರು. ರೇಡಿಯೋ ಎಲ್ಲಿಂದ ಬಂತು?

ಅದು ಗೊತ್ತಾದದ್ದು ಹಬ್ಬಕ್ಕೆ ಊರಿಗೆ ಹೋಗಿದ್ದಾಗ. ಒಗೆಯುವುದಕ್ಕೆ ಅಂತ ಅವರ ಅಂಗಿಯ ಜೇಬು ತಡಕಿದರೆ ಕೈಗೆ ಸಿಕ್ಕಿದ್ದು ಎಲೆಅಡಿಕೆಯ ಸುಣ್ಣದ ಡಬ್ಬಿ. ಮುಚ್ಚಳಕ್ಕೆ ಮೊಳೆಯಲ್ಲಿ ತೂತು ಹೊಡೆದು ಪಿನ್ನನ್ನು ಅಂದವಾಗಿ ಸಿಕ್ಕಿಸಿದ್ದರು.

ಡಬ್ಬಿ ಹಿಡಿದುಕೊಂಡು ಅವರ ಮುಂದೆ ನಿಂತೆ. ಮಾವ ಅತ್ತಿತ್ತ ನೋಡಿದರು. ಅತ್ತೆ ಹಿತ್ತಲಲ್ಲಿದ್ದರು.

“ಯಾರಿಗೂ ಹೇಳ್ಬ್ಯಾಡ ಕಣವ್ವಾ. ಕಿವಿ ಹೋಯ್ತಾ ಐತೆ. ಮಾತು ಕೇಳ್ದಿದ್ರೆ ಕಿವುಡ ಅಂತಾರೆ. ವೈರು ಇಕ್ಕಂಡಿದ್ರೆ ರೇಡಿಯೋ ಕೇಳ್ತಾವ್ರೆ ಅಂದ್ಕೊಂಡು ಭುಜ ತಟ್ಟಿ ಜೋರಾಗಿ ಹೇಳ್ತಾರೆ. ಕಿವಿ ಯಜಮಾನ್ರಿಗೇ ಕಿವಿ ಇಲ್ಲ ಅಂತ ಗೊತ್ತಾದ್ರೆ ನನ್ನನ್ನ ಯಾರವ್ವ ಅಟ್ಟ ಹತ್ತುಸ್ತಾರೆ?”

ನಗು ಬಂದರೂ ತಡೆದುಕೊಂಡು ಅವರ ಕಿವಿಯ ಹತ್ತಿರ ಬಗ್ಗಿ, “ಮತ್ತೆ ಈಗ ಕಾಯಿ ಹೆಂಗೆ ನೋಡ್ತೀರಿ ಮಾವ?” ಅಂತ ಕಿರುಚಿದೆ.

ಮಾವ ಅಂಗೈ ತೋರಿಸಿದರು. “ಒಳಗಿನ ಉಂಡೆ ಇಲ್ಲಿಗೆ ಬಡೀತೈತೆ. ಕಿವಿ ಹತ್ರ ಹಿಡಿಯೋದು ಜನ ನೋಡ್ಲಿ ಅಂತ.”

ಡಬ್ಬಿಯನ್ನು ಮತ್ತೆ ಜೇಬಿನಲ್ಲಿಟ್ಟೆ. ಪಿನ್ನು ಸರಿಯಾಗಿ ಕೂತಿದೆಯೇ ಅಂತ ನೋಡಿಯೇ ಇಟ್ಟೆ.

೫. ಎಷ್ಟು ಬಿದ್ವು?

ಕ್ರಿಕೆಟ್ ಮ್ಯಾಚು ನಡೆಯುತ್ತಿದ್ದ ಒಂದು ಭಾನುವಾರ ಮಧ್ಯಾಹ್ನ ನಾವು ಊರಲ್ಲೇ ಇದ್ದೆವು. ನಮ್ಮ ತೋಟದ ಬೇಲಿಗೆ ಅಂಟಿಕೊಂಡೇ ಟೀ ಅಂಗಡಿ. ಅಲ್ಲಿದ್ದ ಟಿ.ವಿ. ಮುಂದೆ ಅರ್ಧ ಊರೇ ಸೇರಿತ್ತು. ನಮ್ಮವರ ಮೂರು ವಿಕೆಟ್ ಬಿದ್ದಿತ್ತು, ಗೆಲ್ಲುವುದಕ್ಕೆ ಇನ್ನು ಸ್ವಲ್ಪವೇ ಬಾಕಿ. ನಮ್ಮವರು ಗೆದ್ದರೆ ಒಡೆಯುತ್ತೇನೆ ಅಂತ ಒಬ್ಬರು ಹರಕೆ ಹೊತ್ತು ಈಡುಗಾಯಿಯ ಚೀಲವನ್ನೇ ಪಕ್ಕದಲ್ಲಿಟ್ಟುಕೊಂಡಿದ್ದರು. ಸರಿಯಾಗಿ ಆಗಲೇ ಕರೆಂಟು ಹೋಯಿತು.

ಬೇಲಿಯ ಈಚೆ ಮಾವನವರು ಕತ್ತೆತ್ತಿ ನಿಂತಿದ್ದರು. ಟೀ ಅಂಗಡಿಯ ಹೆಂಚಿನ ಮೇಲೆ ವಾಲಿದ್ದ ಮರದಿಂದ ಆಳೊಬ್ಬ ಉದ್ದನೆಯ ದೋಟಿ ಹಿಡಿದು ಕಾಯಿ ಕೆಡವುತ್ತಿದ್ದ. ಮಾವನವರ ಕಿವಿಯಲ್ಲಿ ವೈರು ಕಂಡದ್ದೇ ತಡ, ಜನವೆಲ್ಲ ಅವರನ್ನು ಮುತ್ತಿಕೊಂಡಿತು. ಒಬ್ಬ ಭುಜ ತಟ್ಟಿ ಕಿರುಚಿದ: “ಯಜಮಾನ್ರೇ, ಎಷ್ಟು ಬಿದ್ವು?”

“ಎಂಟು,” ಅಂದರು ಮಾವ.

“ಎಂಟಾ! ಇಷ್ಟು ಬೇಗ್ನೇ?”

“ಮೂರು ತಾವೇ ಬಿದ್ವು ಕಣ್ಲಾ.”

“ರನ್ ಔಟ್ ಕಣ್ರೋ!” ಅಂತ ಒಬ್ಬ ತಲೆ ಚಚ್ಚಿಕೊಂಡ. “ಇನ್ನೆಷ್ಟವೆ ಯಜಮಾನ್ರೇ?”

“ಎರಡವೆ. ಅವೂ ಎಳಸು. ನಿಲ್ಲಾಕಿಲ್ಲ ಬುಡು.”

ನಾನು ನಮ್ಮ ಮನೆಯ ಜಗಲಿಯಿಂದ ಕೈಸನ್ನೆ ಮಾಡಿದೆ. ಮಾವ ನನ್ನ ಕಡೆ ನೋಡಲೇ ಇಲ್ಲ. ಅಷ್ಟರಲ್ಲಿ ಮೇಲಿಂದ ಧಡ್ ಧಡ್ ಅಂತ ಎರಡು ಕಾಯಿ ಬಂದವು. “ಹೋ, ಬಿತ್ತು! ಅದೂ ಬಿತ್ತು! ಮುಗೀತು!” ಅಂತ ಮಾವ ಸಂತೋಷದಿಂದ ಕೈ ಕೊಡವಿದರು.

ಜನ ಹೆಣದ ಮುಂದಿಂದ ಎದ್ದು ಬಂದವರಂತೆ ಮನೆಗೆ ನಡೆದರು. ಈಡುಗಾಯಿಯವರು ಚೀಲ ಹೊತ್ತು ಹೋಗಿ, ಕಾಯಿಯನ್ನು ಹೆಂಡತಿಯ ಮುಂದೆ ಕುಕ್ಕಿ, “ತಗೋ, ಚಟ್ನಿ ಮಾಡು,” ಅಂದರಂತೆ. ಆಕೆ ಒಡೆದು ತುರಿದು ರುಬ್ಬುವುದಕ್ಕೂ ಕರೆಂಟು ಬರುವುದಕ್ಕೂ ಸರಿಹೋಯಿತು. ಟಿ.ವಿ.ಯಲ್ಲಿ ನಮ್ಮವರು ಗೆದ್ದು ಕುಣಿಯುತ್ತಿದ್ದರು.

ಆಮೇಲೆ ನಮ್ಮ ಬೇಲಿಯ ಹತ್ತಿರ ನೆರೆದ ಜನ ಜಾತ್ರೆಗೂ ನೆರೆದಿರಲಿಕ್ಕಿಲ್ಲ. “ದೇವರ ಹರಕೆ ತಪ್ಪುಸ್ಬುಟ್ರಲ್ಲ ಯಜಮಾನ್ರೇ! ಅದ್ಯಾವ ರೇಡಿಯೋ ತೋರ್ಸಿ!” ಅಂತ ಈಡುಗಾಯಿಯವರು ವೈರು ಹಿಡಿದು ಎಳೆದೇಬಿಟ್ಟರು. ಡಬ್ಬಿ ನೆಲಕ್ಕೆ ಬಿತ್ತು, ಮುಚ್ಚಳ ಬಿಚ್ಚಿತು, ಸುಣ್ಣ ಚೆಲ್ಲಿತು.

ಯಾರೂ ನಗಲಿಲ್ಲ. ಅದು ನಗುವುದಕ್ಕಿಂತ ಕೆಟ್ಟದಾಗಿತ್ತು. “ಕಿವಿ ಕೇಳ್ಸಲ್ವಾ ಯಜಮಾನ್ರಿಗೆ?” ಅಂತ ಯಾರೋ ಮೆಲ್ಲಗೆ ಅಂದರು. ಮಾವ ತಲೆ ಬಗ್ಗಿಸಿ ಸುಣ್ಣವನ್ನೇ ನೋಡುತ್ತಿದ್ದರು. ನನಗೆ ಕಣ್ಣು ತುಂಬಿ ಬಂತು.

ಟೀ ಅಂಗಡಿಯ ಬೆಂಚಿನ ಮೇಲೆ ದೊಡ್ಡಮನೆ ಗೌಡರು ಕೂತಿದ್ದರು. ಊರಿನಲ್ಲೇ ದೊಡ್ಡ ಅಟ್ಟ ಅವರದು. ಅವರ ಕಿವಿಯಲ್ಲೂ ವೈರಿತ್ತು, ನನ್ನ ಅಂಗಡಿಯದೇ. ಅವರನ್ನು ಕೇಳೋಣ ಅಂತ ಒಬ್ಬ ಅವರ ಭುಜ ತಟ್ಟಿದ: “ಗೌಡ್ರೇ, ನಿಮ್ ರೇಡಿಯೋಲಿ ಸರಿಯಾಗಿ ಬಂದಿರ್ಬೇಕಲ್ಲ, ನೀವಾದ್ರೂ ಹೇಳ್ಬಾರ್ದಿತ್ತಾ?”

ಗೌಡರು ಮುಗುಳ್ನಕ್ಕು, “ಹೂಂ, ಸಕ್ಕರೆ ಒಂಚೂರು ಕಮ್ಮಿ,” ಅಂದರು.

ಆತ ವೈರನ್ನು ಮೆಲ್ಲಗೆ ಎಳೆದ. ಗೌಡರ ಜೇಬಿನಿಂದ ಬೆಂಕಿಪೊಟ್ಟಣ ಹೊರಬಂತು.

ಆಗ ಹುಟ್ಟಿದ ನಗು ಬಿಳಿಗೆರೆವರೆಗೂ ಕೇಳಿಸಿರಬೇಕು, ಇವರಿಬ್ಬರಿಗೆ ಮಾತ್ರ ಕೇಳಿಸಲಿಲ್ಲ. ಗೌಡರು ನೆಲದ ಮೇಲಿನ ಡಬ್ಬಿ ನೋಡಿದರು, ತಮ್ಮ ಪೊಟ್ಟಣ ನೋಡಿದರು, ನಮ್ಮ ಮಾವನವರ ಮುಖ ನೋಡಿದರು. ಎದ್ದು ಬಂದು, ಡಬ್ಬಿ ಎತ್ತಿ, ತಮ್ಮ ಪಂಚೆಯಲ್ಲಿ ಒರೆಸಿ ಮಾವನವರ ಕೈಗಿಟ್ಟು ಊರೆಲ್ಲ ಕೇಳುವಂತೆ ಕೂಗಿದರು: “ಬುಧವಾರ ನಮ್ಮನೆ ಅಟ್ಟ ಹತ್ಬೇಕು ಕಣಪ್ಪ, ಮರೀಬ್ಯಾಡ!”

ಮಾವ ಹತ್ತಿದರು. ಆ ಸಲವೂ ಒಂದು ಕಾಯಿಯೂ ಕೆಡಲಿಲ್ಲ.

ನಾವು ತಿಪಟೂರಿಗೆ ವಾಪಸ್ಸು ಬಂದ ಮೇಲೆ ಒಂದು ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವಷ್ಟರಲ್ಲಿ ನಮ್ಮೂರ ಕಡೆಯ ಮುದುಕರು ಮೂರ್ನಾಲ್ಕು ಜನ ಮೆಟ್ಟಿಲ ಮೇಲೆ ಸಾಲಾಗಿ ಕೂತಿದ್ದರು. ರೇಡಿಯೋ ತೋರಿಸಹೋದರೆ ಬೇಡ ಅಂತ ತಲೆಯಾಡಿಸಿದರು. ಅವರಲ್ಲಿ ಹಿರಿಯರು ಜೇಬಿಗೆ ಕೈ ಹಾಕಿ ತಮ್ಮ ಡಬ್ಬಿ ತೆಗೆದು ನನ್ನ ಮುಂದಿಟ್ಟು, ನನಗೇ ಕಿವಿ ಕೇಳಿಸುವುದಿಲ್ಲವೇನೋ ಅನ್ನುವಂತೆ ಕಿರುಚಿದರು:

“ಅವ್ವಾ, ಈ ಡಬ್ಬಿಗೆ ಹಿಡಿಸೋ ವೈರು ಐತಾ?”