ಹತ್ತಕ್ಕೆ ಹತ್ತು ಪಡೆದ ಮೌಸಿಗೆ ಒಂದು ಎಡಗೈ ತಕರಾರು

ಮಾನ್ಯ ‘ದಾ’ ಅವರಿಗೆ,
ಪ್ರಥಮ ಸ್ಥಾನ ವಿಜೇತ ಮೌಸ್,
ಗಾಜಿನ ಕಪಾಟು, ಹಿರಿಯ ನಾಗರಿಕರ ಭವನ,
ಸೊಲ್ಪೊ ಬಂದರು, ಕೊರಿಯಾದ ದಕ್ಷಿಣ ಕರಾವಳಿ.

ಮಾನ್ಯರೇ,

ತಮ್ಮ ಎರಡೂ ಗುಂಡಿಗಳಿಗೆ, ನಡುವಿನ ಗಾಲಿಗೆ, ಹೊಟ್ಟೆಯಡಿಯ ಕೆಂಪು ಕಣ್ಣಿಗೆ ಬೇರೆ ಬೇರೆಯಾಗಿ ನಮಸ್ಕಾರಗಳು. ಚಳಿಗಾಲ ಶುರುವಾಗಿರುವುದರಿಂದ ತಮ್ಮ ಆರೋಗ್ಯ ವಿಚಾರಿಸುವುದು ನನ್ನ ಧರ್ಮ. ಗಾಜಿನ ಕಪಾಟಿನೊಳಗೆ ರೇಷ್ಮೆ ಬಟ್ಟೆಯ ಮೇಲೆ ಕೊರಳಿಗೆ ಕೆಂಪು ಪಟ್ಟಿ ಕಟ್ಟಿಸಿಕೊಂಡು ಮಲಗಿರುವವರಿಗೆ ನೆಗಡಿಯಾಗುವ ಸಂಭವ ಕಡಿಮೆಯೆಂದು ಗೊತ್ತಿದ್ದರೂ ಕೇಳುವುದು ಮರ್ಯಾದೆ. ನಾನು ಕ್ವಾಕ್ ಮಾಲ್-ಸುನ್, ವಯಸ್ಸು ಅರವತ್ತಾರು, ಬಂದರಿನ ಸಿಂಪಿ ಕಾರ್ಖಾನೆಯಲ್ಲಿ ಉದ್ದ ಮೇಜಿನ ಮುಂದೆ ನಿಂತು ಕೊಕ್ಕೆ ಚೂರಿಯಿಂದ ಸಿಂಪಿ ಒಡೆದು ಮಾಂಸ ತೆಗೆಯುವವಳು. ಹುಟ್ಟಾ ಎಡಚಿ.

ತಮ್ಮಂಥ ದೊಡ್ಡವರನ್ನು ನೇರವಾಗಿ ಕಾಡುವ ದಾರ್ಷ್ಟ್ಯ ನನ್ನದಲ್ಲ. ಕಳೆದ ಸೋಮವಾರ ಭವನದ ಅಧೀಕ್ಷಕರಾದ ನಾಮ್‌ಗುಂಗ್ ಸಾಹೇಬರ ಎದುರು ನಿಂತು ನನ್ನ ಕಷ್ಟ ತೋಡಿಕೊಂಡಾಗ, ಅವರು ಕನ್ನಡಕ ತೆಗೆದು ಮೂಗು ಉಜ್ಜಿಕೊಂಡು, “ಅಮ್ಮಾ, ನಿಯಮ ಅಂದ್ರೆ ನಿಯಮ. ಎಲ್ರಿಗೂ ಒಂದೇ ಮೌಸು, ಅದೇ ಅಲ್ವಾ ಸಮಾನತೆ? ಹಿತವಾಗಿದೆ ಅಂತ ಹತ್ತಕ್ಕೆ ಹತ್ತು ಬೇರೆ ಬಂದಿದೆ. ಇನ್ನು ನನ್ನನ್ನೇನ್ ಕೇಳ್ತೀರಿ, ಹೋಗಿ ಆ ಮೌಸನ್ನೇ ಕೇಳಿ” ಎಂದು ಅಪ್ಪಣೆ ಕೊಡಿಸಿದರು. ಅಧಿಕಾರಿಗಳ ಮಾತು ಮೀರುವ ಅಭ್ಯಾಸ ನಮ್ಮ ವಂಶದಲ್ಲೇ ಇಲ್ಲವಾದ್ದರಿಂದ ತಮ್ಮನ್ನೇ ಕೇಳುತ್ತಿದ್ದೇನೆ. ಇದನ್ನು ನೋಟೀಸ್ ಬೋರ್ಡಿಗೆ ಅಂಟಿಸುತ್ತಿರುವುದಕ್ಕೆ ಬೇರೆಯದೇ ಕಾರಣವಿದೆ; ಅದನ್ನು ಹೇಳಲು ಸ್ವಲ್ಪ ಧೈರ್ಯ ಬೇಕು, ಹಾಗಾಗಿ ಆಮೇಲೆ ಹೇಳುತ್ತೇನೆ.

ವಿಷಯ ಇಷ್ಟು. ಅರವತ್ತು ದಾಟಿದವರಿಗೆಂದು ಭವನ ನಡೆಸುತ್ತಿರುವ ಕಂಪ್ಯೂಟರ್ ಆಟದ ಪಂದ್ಯಾವಳಿಯಲ್ಲಿ ನಾವು ಮೂವರು, ಅಂದರೆ ನಾನು, ನನ್ನ ಪಕ್ಕದಲ್ಲಿ ನಿಂತು ಸಿಂಪಿ ಒಡೆಯುವ ಚುನ್-ಜಾ ಮತ್ತು ಅವಳಾಚೆಯ ಓಕ್-ಬುನ್, ಫೈನಲ್ ತಲುಪಿದ್ದೇವೆ. ಮೂವರ ಎದುರು ಮೂವರು ಬಂದೂಕು ಹಿಡಿದು ಪಾಳುಬಿದ್ದ ಊರೊಂದರಲ್ಲಿ ಕಣ್ಣಾಮುಚ್ಚಾಲೆ ಆಡುತ್ತಾ ಪರಸ್ಪರ ಕೊಲ್ಲುವ ಈ ಮನರಂಜನೆಯನ್ನು ನಾವು ಕಲಿತದ್ದು ಬಂದರಿನೆದುರಿನ, ಗಂಟೆಗಿಷ್ಟೆಂದು ಕಂಪ್ಯೂಟರ್ ಬಾಡಿಗೆಗೆ ಕೊಡುವ ಪಿಸಿ ಬಾಂಗಿನಲ್ಲಿ, ಮಧ್ಯಾಹ್ನ ಕೆಲಸ ಮುಗಿದು ಬಸ್ಸು ಬರುವತನಕ ಬೆಚ್ಚಗೆ ಕೂರಲು ಸೋವಿಯಾದ ಜಾಗ ಬೇರೆ ಇಲ್ಲದ್ದರಿಂದ. ಶನಿವಾರ ನಮ್ಮ ಎದುರಾಳಿಗಳು ನಿವೃತ್ತ ಶಾಲಾ ಮೇಷ್ಟ್ರುಗಳು. ಜೀವಮಾನವಿಡೀ ಮೇಷ್ಟ್ರುಗಳಿಂದ ಹೊಡೆಸಿಕೊಂಡ ನಾವು ಅವರಿಗೆ ತಿರುಗಿಸಿ ಹೊಡೆಯಲು, ಅದೂ ಭವನದ ಪರವಾನಗಿಯೊಂದಿಗೆ, ಇನ್ನೆಂದು ಅವಕಾಶ ಸಿಕ್ಕೀತು? ಆದರೆ ಫೈನಲಿನಲ್ಲಿ ಮನೆಯ ಮೌಸ್ ತರುವಂತಿಲ್ಲ, ಎಲ್ಲರೂ ಮೊದಲ ಸ್ಥಾನ ಗೆದ್ದ ತಮ್ಮ ಮಾದರಿಯನ್ನೇ ಹಿಡಿಯಬೇಕು, ತಮ್ಮನ್ನು ಎಡಗೈಯಲ್ಲಿ ಹಿಡಿಯಲು ಸಾಧ್ಯವಿಲ್ಲ, ನಮ್ಮಲ್ಲಿ ನಾಲ್ಕನೆಯವಳಿಲ್ಲ. ನಾನು ಆಡದಿದ್ದರೆ ಮೂವರೂ ಮನೆಗೆ.

ತಾವು ಈ ಪದವಿಗೆ ಸುಮ್ಮನೆ ಏರಿದವರಲ್ಲ ಎಂಬುದಕ್ಕೆ ನಾನೇ ಸಾಕ್ಷಿ. ಬೆಟ್ಟ ಅಗೆದು ಇಲಿ ಹಿಡಿದರು ಎಂದು ಜನ ಬೇರೆಯವರನ್ನು ಆಡಿಕೊಳ್ಳುತ್ತಾರೆ, ಫೈನಲಿನ ಮೌಸ್ ಆರಿಸಲೆಂದು ಭವನ ನೇಮಿಸಿದ ತುಲನಾ ಸಮಿತಿ ಅಗೆಯಲು ಹೊರಟಿದ್ದೇ ಇಲಿಗಾಗಿ, ಆದ್ದರಿಂದ ಅದನ್ನು ಯಾರೂ ಆಡಿಕೊಳ್ಳುವಂತಿಲ್ಲ. ಗಾ, ನಾ, ದಾ, ರಾ, ಮಾ ಎಂದು ನಮ್ಮ ಅಕ್ಷರಮಾಲೆಯ ಕ್ರಮದಲ್ಲಿ ಚೀಟಿ ಅಂಟಿಸಿಕೊಂಡ ಐದು ಮೌಸುಗಳು ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ ಮದುವೆಗೆ ನಿಂತ ಹೆಣ್ಣುಗಳ ಹಾಗೆ ಸಾಲಾಗಿ ಕೂತಿದ್ದವು. ಬಾಳಿಕೆಯ ಪರೀಕ್ಷೆಗೆಂದು ನಾಲ್ವರು ನಿವೃತ್ತ ಮೀನುಗಾರರು ಸರದಿಯ ಮೇಲೆ ದಿನವಿಡೀ ಗುಂಡಿ ಒತ್ತಿದರು; ಎಂಟು ಕೋಟಿ ಸಲ ಒತ್ತಿದರೂ ಸಾಯುವುದಿಲ್ಲ ಎಂದು ಡಬ್ಬಿಯ ಮೇಲೆ ಬರೆದಿತ್ತಂತೆ, ಆದರೆ ಅಷ್ಟು ಒತ್ತುವತನಕ ಒತ್ತುವವರೇ ಬದುಕಿರುವುದಿಲ್ಲವೆಂದು ಮೀನುಗಾರರು ಸಂಜೆ ಐದಕ್ಕೆ ಎದ್ದುಹೋದರು. ‘ರಾ’ ಅವರ ಮೇಲೆ ಯಾರೋ ನೂಡಲ್ಸಿನ ಸಾರು ಚೆಲ್ಲಿದ್ದರಿಂದ ಅವರು ಅಲ್ಲೇ ಕಣ್ಮುಚ್ಚಿದರು. ವರದಿಯಲ್ಲಿ ‘ಸಾರು ತಡೆಯುವ ಶಕ್ತಿ ಸಾಲದು’ ಎಂದು ದಾಖಲಾಗಿದೆ. ಹಗುರವಾಗಲೆಂದು ಮೈತುಂಬಾ ತೂತು ಕೊರೆಸಿಕೊಂಡಿದ್ದ ‘ಮಾ’ ಅವರೊಳಗೆ ಮೆಣಸಿನಪುಡಿ ಇಳಿದು, ಹಿಡಿದವರೆಲ್ಲ ಸೀನಿದರು. ‘ಗಾ’ ಅವರ ಕಣ್ಣು ಎಷ್ಟು ಚುರುಕೆಂದರೆ ಓಕ್-ಬುನ್ ಉಸಿರು ಬಿಟ್ಟ ಮಾತ್ರಕ್ಕೆ ಬಾಣದ ಗುರುತು ಪರದೆಯ ಈ ಮೂಲೆಯಿಂದ ಆ ಮೂಲೆಗೆ ಹಾರಿಹೋಯಿತು. ಉಳಿದವರು ತಾವು ಮತ್ತು ‘ನಾ’.

ತಮ್ಮ ರೂಪವನ್ನು ಏನೆಂದು ಹೊಗಳಲಿ? ಬೆನ್ನಿನ ಆ ವಾಲು, ಹೆಬ್ಬೆರಳಿಗೆಂದೇ ಪಕ್ಕೆಯಲ್ಲಿ ತೋಡಿದ ಆ ಗುಳಿ, ಕಿರುಬೆರಳು ನೆಲಕ್ಕೆ ತಾಗದಂತೆ ಇಟ್ಟ ಆ ಜಗಲಿ, ಎಲ್ಲವೂ ಎಷ್ಟು ನಯ, ಎಷ್ಟು ಕಾಳಜಿ! ಬಲಗೈಯವರಿಗೆ ತಾಯಿಯ ಮಡಿಲೇ ಸರಿ. ಎಡಗೈಯಲ್ಲಿ ಹಿಡಿದರೆ ಮಾತ್ರ ಹೆಬ್ಬೆರಳು ಜಗಲಿಯ ಮೇಲೆ ಹತ್ತಿ ಕೂರುತ್ತದೆ, ಕಿರುಬೆರಳು ಗುಳಿಯೊಳಗೆ ಬಿದ್ದು ಒದ್ದಾಡುತ್ತದೆ, ಪಕ್ಕದ ಗುಂಡಿಗಳು ಉಂಗುರದ ಬೆರಳಿಗೆ ಚುಚ್ಚಿ, ನಾನು ಓಡಬೇಕೆಂದುಕೊಂಡಾಗ ಬಾಂಬು ಬೀಳುತ್ತದೆ. ಅಭ್ಯಾಸದ ದಿನ ಹೀಗೆ ಬಿದ್ದ ಮೂರು ಬಾಂಬುಗಳಲ್ಲಿ ಎರಡು ಚುನ್-ಜಾಳ ಮೇಲೆಯೇ ಬಿದ್ದವು. “ಏಯ್ ಎಡವಟ್ಟೇ, ಶತ್ರು ಆ ಕಡೆ ಇದಾನೆ ಕಣೇ! ನಾನೇನ್ ನಿನ್ ಗಂಡನ ಮನೆಯೋಳಾ, ಹಿಂಗೆ ಸೇಡು ತೀರಿಸ್ಕೊಳ್ತೀಯ?” ಎಂದು ಅವಳು ಇಡೀ ಪಿಸಿ ಬಾಂಗ್ ತಿರುಗಿ ನೋಡುವಂತೆ ಕಿರುಚಿದಳು.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಕೋರಿಕೆಗಳು ಹೀಗಿವೆ. ಶನಿವಾರ ಬೆಳಿಗ್ಗೆ ಹತ್ತರೊಳಗಾಗಿ ತಾವು ಒಮ್ಮೆ ಕನ್ನಡಿಯ ಮುಂದೆ ನಿಂತು, ಒಳಗೆ ಕಾಣುವವರನ್ನು ಹೊರಗೆ ಕಳಿಸಿ ತಾವು ಒಳಗೇ ಇದ್ದುಬಿಡುವ ಕೃಪೆ ಮಾಡಬೇಕು. ಅದು ಕಷ್ಟವಾದರೆ, ತಮ್ಮೊಂದಿಗೆ ಅವಳಿಯಾಗಿ ಹುಟ್ಟಿ ಎಲ್ಲೋ ದೂರಾದ, ಎಡಕ್ಕೆ ವಾಲಿದ ತಮ್ಮನೋ ತಂಗಿಯೋ ಇದ್ದರೆ ವಿಳಾಸ ತಿಳಿಸಿ. ಬಸ್ಸಿನಲ್ಲಿ ಹೋಗಿ ಕರೆತರುತ್ತೇನೆ. ಅದೂ ಆಗದಿದ್ದರೆ ನನ್ನ ಹೆಬ್ಬೆರಳನ್ನು ಕಿರುಬೆರಳಿರುವ ಕಡೆಗೆ ಸ್ಥಳಾಂತರಿಸಲು ಯಾವ ಕಚೇರಿಯಲ್ಲಿ ಅರ್ಜಿ ಹಾಕಬೇಕೆಂದಾದರೂ ನಾಮ್‌ಗುಂಗ್ ಸಾಹೇಬರಿಗೆ ಸೂಚಿಸಿ. ನಮ್ಮಂಥವರಿಗಾಗಿ ಜಗತ್ತನ್ನು ತಿದ್ದುವುದಕ್ಕಿಂತ ನಮ್ಮನ್ನೇ ತಿದ್ದುವುದು ಸುಲಭವೆಂದು ನಮ್ಮಮ್ಮ ನನ್ನ ಆರನೆಯ ವಯಸ್ಸಿನಲ್ಲೇ ತೋರಿಸಿಕೊಟ್ಟಿದ್ದಾಳೆ. “ಎಡಗೈಲಿ ಚಮಚ ಹಿಡಿದ್ರೆ ಮನೆ ಭಾಗ್ಯ ಬಾಗಿಲಾಚೆ ಹೋಗ್ತದೆ ಕಣೇ” ಎಂದು ಅನ್ನದ ಸೌಟಿನಿಂದ ಬೆರಳ ಗಿಣ್ಣಿಗೆ ಕೊಡುತ್ತಿದ್ದಳು. ಭಾಗ್ಯ ಹೇಗೂ ಬರಲಿಲ್ಲ, ಗಿಣ್ಣು ಮಾತ್ರ ಇವತ್ತಿಗೂ ಚಳಿಗೆ ನೋಯುತ್ತದೆ.

ಇಲ್ಲಿಯವರೆಗೆ ಬರೆದು ಎರಡು ದಿನ ಪತ್ರವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಇದಕ್ಕಿಂತ ಮುಂದಿನದನ್ನು ಬರೆಯದೆ ತಮ್ಮನ್ನೇ ಬೈದು ಮುಗಿಸಬಹುದಿತ್ತು, ಬೈಸಿಕೊಳ್ಳಲು ತಾವು ಅಷ್ಟು ಅನುಕೂಲವಾಗಿ ಮಲಗಿದ್ದೀರಿ. ಆದರೆ ಮಾನ್ಯರೇ, ತಮಗೆ ಹಿತಕ್ಕಾಗಿ ಹತ್ತಕ್ಕೆ ಹತ್ತು ಕೊಟ್ಟವಳು ನಾನೇ.

ಹಿತ ಪರೀಕ್ಷಿಸಲು ಚೀಟಿ ಎತ್ತಿ ಆರಿಸಿದ ಮೂವರಲ್ಲಿ ನಾನೂ ಒಬ್ಬಳಾಗಿದ್ದೆ. ಒಬ್ಬೊಬ್ಬರನ್ನೇ ಒಳಗೆ ಕರೆದು ಹೆಸರಿಲ್ಲದ ಅಂಕಪಟ್ಟಿ ಬರೆಸಿದ್ದರಿಂದ, ನಾನು ಅಲ್ಲಿದ್ದದ್ದು ಗೆಳತಿಯರಿಗೂ ಆ ಹತ್ತು ನನ್ನದೆಂಬುದು ಸಾಹೇಬರಿಗೂ ಗೊತ್ತಿರಲಿಲ್ಲ. ಆ ದಿನ ಎದುರಿಗೆ ನಾಮ್‌ಗುಂಗ್ ಸಾಹೇಬರು, ಅವರ ಪಕ್ಕದಲ್ಲಿ ಮೇಲಿನ ಕಚೇರಿಯಿಂದ ಬಂದ, ಕೋಟಿಗೆ ಹೂ ಸಿಕ್ಕಿಸಿಕೊಂಡ ಅಧಿಕಾರಿ, ಒಬ್ಬ ಫೋಟೋದವನು. ಅಂಥವರ ಮುಂದೆ ಎಡಗೈ ಎತ್ತುವುದುಂಟೇ? ಲೋಟ ಇಸಿದುಕೊಳ್ಳುವುದು, ಸಹಿ ಹಾಕುವುದು, ಹಿರಿಯರಿಗೆ ಬಡಿಸುವುದು ಎಲ್ಲ ಬಲಗೈ. ಸಿಂಪಿ ಒಡೆಯುವುದು, ಬಟ್ಟೆ ಹಿಂಡುವುದು, ಸೊಳ್ಳೆ ಹೊಡೆಯುವುದು ಎಡಗೈ. ನನ್ನ ಬಲಗೈ ಹಬ್ಬದ ಬಟ್ಟೆ ಇದ್ದ ಹಾಗೆ, ನಾಲ್ಕು ಜನರೆದುರು ಹೊರಗೆ ಬರುತ್ತದೆ. ಹೆಸರಿನಲ್ಲಿ ಬಲವಿದ್ದರೂ ಕಿಮ್‌ಚಿ ಜಾಡಿಯ ಮುಚ್ಚಳ ತೆಗೆಯುವ ಬಲ ಅದಕ್ಕಿಲ್ಲ. ಆ ಕೈಯನ್ನು ತಮ್ಮ ಮೇಲಿಟ್ಟು ಹತ್ತು ನಿಮಿಷ ಕೂತೆ. ಕೆಲಸವನ್ನೇ ಮಾಡದ ಕೈಗೆ ಯಾವುದು ತಾನೇ ಅಹಿತ? “ಹೇಗಿದೆಯಮ್ಮಾ, ಹಿತವಾಗಿದೆಯಾ?” ಎಂದು ಹೂವಿನವರು ಬಗ್ಗಿ ಕೇಳಿದರು, ಫೋಟೋದವನು ಕ್ಯಾಮರಾ ಎತ್ತಿದ, ನಾನು ನಕ್ಕು ಹತ್ತು ಬರೆದೆ. ಎರಡೂ ಪಕ್ಕ ಒಂದೇ ಸಮನಾಗಿರುವ, ನನ್ನ ಎಡಗೈಗೆ ಹೇಳಿ ಮಾಡಿಸಿದಂತಿದ್ದ ‘ನಾ’ ಅವರಿಗೆ, ಬಲಗೈಯಲ್ಲಿ ಹಿಡಿದು, ಸ್ವಲ್ಪ ಬಡವರ ಥರ ಕಾಣುತ್ತಾರಲ್ಲ ಎಂದು, ನಾಲ್ಕು ಕೊಟ್ಟೆ. ಬಾಳಿಕೆ, ಚುರುಕು ಎಲ್ಲ ಸೇರಿ ತಮಗೆ ಒಟ್ಟು ಎಂಬತ್ತು, ‘ನಾ’ ಅವರಿಗೆ ಎಪ್ಪತ್ನಾಲ್ಕು. ನಾ ಸೋತದ್ದು ನನ್ನಿಂದಲೇ.

ಇದಕ್ಕಿಂತ ದೊಡ್ಡ ನಾಚಿಕೆ ಇನ್ನೊಂದಿದೆ. ಫಲಿತಾಂಶ ಪ್ರಕಟವಾದ ದಿನ ಚುನ್-ಜಾ ಬೋರ್ಡಿನ ಮುಂದೆ ನಿಂತು, “ಯಾವ ಮುಂಡೇದು ಇದಕ್ಕೆ ಹತ್ತು ಕೊಟ್ಟಿದ್ದು? ಕೈಗೆ ಸಿಗ್ಲಿ, ಸಿಂಪಿ ಒಡ್ದಂಗೆ ಒಡೀತೀನಿ” ಎಂದಾಗ ನಾನು “ಹೂಂ ಕಣೇ, ಒಡಿ” ಎಂದುಬಿಟ್ಟೆ. ಆಮೇಲೆ ಹನ್ನೊಂದು ದಿನ ಅವಳು ನನಗಾಗಿ ನಾಮ್‌ಗುಂಗ್ ಸಾಹೇಬರ ಹತ್ತಿರ ಜಗಳವಾಡಿದಳು, ನನ್ನ ಮಣಿಕಟ್ಟಿಗೆ ಮುಲಾಮು ಹಚ್ಚಿದಳು, ನಾನು ಬಾಯಿ ಬಿಡಲಿಲ್ಲ.

ಬಾಯಿ ಬಿಡಿಸಿದವಳು ಓಕ್-ಬುನ್. ಔಷಧಿ ಡಬ್ಬಿಯೊಳಗಿನ ಚೀಟಿಯನ್ನೂ ಕೊನೆಯ ಸಾಲಿನವರೆಗೆ ಓದುವ ಅವಳು ಮೊನ್ನೆ ಬೆಳಿಗ್ಗೆ ಮೇಜಿನ ಮುಂದೆ ನಿಂತು ಪಂದ್ಯಾವಳಿಯ ನಿಯಮ ಓದುತ್ತಾ, “ಕೇಳ್ರೇ ಇಲ್ಲಿ, ಹದ್ನಾಕನೇದು. ಅಂಕ ಕೊಟ್ಟೋರು ತಪ್ಪು ಕೊಟ್ಟಿದ್ರೆ ಫೈನಲಿಗೆ ಮುಂಚೆ ಹೆಸರು ಹಾಕಿ, ಕಾರಣ ಬರೆದು, ಎಲ್ರಿಗೂ ಕಾಣೋ ಹಂಗೆ ಅಂಟಿಸಿ ತಿದ್ಕೋಬಹುದಂತೆ. ಆ ಪುಣ್ಯಾತ್ಗಿತ್ತಿ ಯಾರು ಅಂತ ಗೊತ್ತಾಗಿದ್ರೆ ಕಾಲಾದ್ರೂ ಹಿಡೀಬಹುದಿತ್ತು” ಎಂದಳು. ನಾನು ಚೂರಿ ಕೆಳಗಿಟ್ಟು, ನಾನೇ ಎಂದೆ. ಚುನ್-ಜಾಳ ಕೈಯಲ್ಲಿದ್ದ ಸಿಂಪಿ ಅರ್ಧ ತೆರೆದು ಹಾಗೇ ನಿಂತಿತು. ಅವಳು ಒಡೆಯುತ್ತಾಳೆಂದೇ ಕಾದೆ, ಒಡೆದಿದ್ದರೆ ಚೆನ್ನಾಗಿತ್ತು. “ಇಪ್ಪತ್ತೆರಡು ವರ್ಷದಿಂದ ನಿನ್ ಪಕ್ಕದಲ್ಲೇ ನಿಂತಿದೀನಿ” ಎಂದಳು. “ಈ ಬಂದರಿನಲ್ಲಿ ಆ ಎಡಗೈನಷ್ಟು ಬೇಗ ಒಡೆಯೋ ಕೈ ಇನ್ನೊಂದಿಲ್ಲ ಕಣೇ. ಅದನ್ನ ಆ ಹೂವಿನವನ ಮುಂದೆ ಬಚ್ಚಿಟ್ಯಾ?” ನನಗೆ ಅಳು ಬಂತು. ಸಿಂಪಿಯ ಉಪ್ಪುನೀರು ಕಣ್ಣಿಗೆ ಸಿಡಿಯಿತೆಂದು ಹೇಳಿದೆ, ಇಬ್ಬರೂ ನಂಬಿದ ಹಾಗೆ ಮಾಡಿದರು.

ಆದ್ದರಿಂದ ಕ್ವಾಕ್ ಮಾಲ್-ಸುನ್ ಆದ ನಾನು, ನಿಯಮಾವಳಿಯ ಹದಿನಾಲ್ಕನೆಯ ಕಲಮಿನ ಪ್ರಕಾರ, ತಮಗೆ ಕೊಟ್ಟ ಹತ್ತು ಅಂಕಗಳನ್ನು ಸಕಲ ಗೌರವಗಳೊಂದಿಗೆ ಹಿಂದಕ್ಕೆ ಪಡೆಯುತ್ತಿದ್ದೇನೆ. ಕಾರಣ: ಅವನ್ನು ಕೊಟ್ಟದ್ದು ನನ್ನ ಸಭ್ಯತೆ, ಕೈಯಲ್ಲ. ಕೆಲಸ ಮಾಡುವ ಕೈಯಿಂದ ಮತ್ತೊಮ್ಮೆ ಹಿಡಿದು ನೋಡಿ ತಮಗೆ ಒಂದು ಅಂಕವನ್ನೂ, ‘ನಾ’ ಅವರಿಗೆ ಹತ್ತನ್ನೂ ಕೊಟ್ಟಿದ್ದೇನೆ. ಓಕ್-ಬುನ್ ಎರಡು ಸಲ ಕೂಡಿದ್ದಾಳೆ: ತಮಗೆ ಎಪ್ಪತ್ತೊಂದು, ‘ನಾ’ ಅವರಿಗೆ ಎಂಬತ್ತು. ಕೆಂಪು ಪಟ್ಟಿಯನ್ನು ಪಕ್ಕದವರ ಕೊರಳಿಗೆ ದಾಟಿಸುವಾಗ ತಾವು ದೊಡ್ಡ ಮನಸ್ಸು ಮಾಡಿ ಸಹಕರಿಸಬೇಕು. ತಮ್ಮೊಂದಿಗೆ ಹನ್ನೊಂದು ದಿನ ಶ್ರದ್ಧೆಯಿಂದ ಅಭ್ಯಾಸ ಮಾಡಿದ ಮೇಷ್ಟ್ರುಗಳಿಗೆ ಇನ್ನು ಎರಡೇ ದಿನದಲ್ಲಿ ಬೇರೆ ಮೌಸ್ ರೂಢಿಯಾಗಬೇಕಾಗಿ ಬಂದದ್ದಕ್ಕೆ ತುಂಬಾ ವಿಷಾದವಿದೆ. ಕೈ ಬದಲಿಸುವುದು ಕಷ್ಟವೇನಲ್ಲ, ಮಕ್ಕಳೂ ಕಲಿಯುತ್ತಾರೆ ಎಂದು ಅವರೇ ನಮಗೆ ಹೇಳಿಕೊಡುತ್ತಿದ್ದರು.

ಒಂದು ಮಾತಿಗೆ ಕ್ಷಮೆ ಇರಲಿ. ಈ ಪತ್ರವನ್ನೂ ಬಲಗೈಯಲ್ಲೇ ಬರೆದಿದ್ದೇನೆ. ಎಡಗೈಯಲ್ಲಿ ಬರೆಯಲು ಕೂತೆ, ಅದಕ್ಕೆ ಅಕ್ಷರ ಬರುವುದಿಲ್ಲ, ಯಾರೂ ಕಲಿಸಿಲ್ಲ. ಹಾಗಾಗಿ ತಪ್ಪೊಪ್ಪಿಗೆಯನ್ನೂ ಸುಳ್ಳು ಹೇಳಿದ ಕೈಯಿಂದಲೇ ಬರೆಸಬೇಕಾಯಿತು. ಅದಕ್ಕೂ ಸ್ವಲ್ಪ ಕೆಲಸವಾಯಿತಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೇನೆ.

ತಮ್ಮ ಎಂಟು ಕೋಟಿ ಒತ್ತುಗಳೂ ಬಲಗೈಯವರ ನಡುವೆ ಸುಖವಾಗಿ ಕಳೆಯಲೆಂದು ಹಾರೈಸುವ,

ತಮ್ಮ ವಿಶ್ವಾಸಿ (ಶನಿವಾರ ಬೆಳಿಗ್ಗೆ ಹತ್ತರವರೆಗೆ),
ಕ್ವಾಕ್ ಮಾಲ್-ಸುನ್

ತಾ.ಕ.: ಇದು ತಮಗಲ್ಲ, ನಾಮ್‌ಗುಂಗ್ ಸಾಹೇಬರಿಗೆ. ಸಾಹೇಬರೇ, ಈ ಪತ್ರಕ್ಕೆ ಮೊಹರು ಹಾಕಿಸಿಕೊಳ್ಳಲು ಇವತ್ತು ತಮ್ಮ ಕೊಠಡಿಗೆ ಬಂದಾಗ ಬಾಗಿಲು ಬಡಿಯದೆ ಒಳಬಂದದ್ದು ನನ್ನ ತಪ್ಪು. ತಾವು ಒಬ್ಬರೇ ಕೂತು ಸೇಬು ಹೆರೆಯುತ್ತಿದ್ದಿರಿ, ಚೂರಿ ಎಡಗೈಯಲ್ಲಿತ್ತು, ಸಿಪ್ಪೆ ಎಲ್ಲೂ ತುಂಡಾಗದೆ ಮೊಣಕಾಲಿನವರೆಗೆ ಇಳಿದಿತ್ತು; ನನ್ನನ್ನು ಕಂಡ ತಕ್ಷಣ ತಾವು ಚೂರಿಯನ್ನು ಬಲಗೈಗೆ ದಾಟಿಸಿದಿರಿ, ಮರುಕ್ಷಣವೇ ಎಡಗೈಯ ಬೆರಳು ಕುಯ್ದುಕೊಂಡಿರಿ. ಇದನ್ನು ನಾನು ಈ ಬೋರ್ಡಿಗಲ್ಲದೆ ಬೇರೆ ಯಾರಿಗೂ ಹೇಳಿಲ್ಲ. ಗಾಯಕ್ಕೆ ಉಪ್ಪುನೀರು ತಾಗಿಸಬೇಡಿ. ಬಹುಮಾನ ಕೊಡಲು ತೊಂದರೆಯಾಗುವುದಿಲ್ಲ, ತಾವು ಎಂದಿನಂತೆ ಬಲಗೈಯಲ್ಲೇ ಕೊಡಿ. ನಾನು ಎಡಗೈಯಲ್ಲಿ ಇಸಿದುಕೊಳ್ಳುತ್ತೇನೆ.